ಕಮ್ಯುನಿಟಿ ಕಾಲೇಜಿನ ಪಾಠ, ನಮ್ಮ ಕೊಟ್ಟಿಗೆಯ ಲೆಕ್ಕ

ಕಳೆದ ತಿಂಗಳು ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸಭೆ ಮುಗಿಸಿ ಹೊರಡುತ್ತಿದ್ದಾಗ ಸದಸ್ಯೆಯೊಬ್ಬರು ಪಕ್ಕಕ್ಕೆ ಕರೆದು ಕೇಳಿದರು: "ಮೇಡಂ, ನಮ್ಮಕ್ಕನ ಮಗಳು ಮದುವೆಯಾಗಿ ಅಮೆರಿಕಕ್ಕೆ ಹೋದಳಲ್ಲ, ಅಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿದ್ದಾಳಂತೆ. ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಓದ್ತಾಳಂತೆ. ಅದ್ಯಾವ ಕಮ್ಯುನಿಟಿಯವರ ಕಾಲೇಜು? ನಮ್ಮೋರೇನಾದ್ರೂ ಅಲ್ಲಿ ಕಟ್ಸಿದ್ದಾರಾ?"

ಸುತ್ತ ನಿಂತಿದ್ದವರು ನಕ್ಕರು. ತಪ್ಪು ಅವರದಲ್ಲ. ನಮ್ಮ ಕಡೆ ಕಮ್ಯುನಿಟಿ ಎಂದರೆ ತಾಲ್ಲೂಕು ಕಚೇರಿಯಲ್ಲಿ ಕೊಡುವ ಜಾತಿ ಪ್ರಮಾಣಪತ್ರವೇ ಮೊದಲು ನೆನಪಾಗುವುದು. ಅವರ ಎರಡನೆಯ ಪ್ರಶ್ನೆಗೆ ಮಾತ್ರ ಯಾರೂ ನಗಲಿಲ್ಲ: "ಕೈಮಗು ಇರೋಳು, ಈಗ ಬಿಸಿನೆಸ್ ಓದಿ ಏನ್ ಮಾಡ್ತಾಳೆ? ಹಾಗಾದ್ರೆ ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದ ನಾವೂ ಓದಬಹುದಾ?" ಬಸ್ಸಿಗೆ ಹೊತ್ತಾಗಿತ್ತು, ಅಲ್ಲಿ ಪೂರ್ತಿ ಹೇಳಲಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾರ ಕಾಲೇಜು ಅದು?

ಇಲ್ಲಿ ಕಮ್ಯುನಿಟಿ ಎಂದರೆ ಊರು, ಸುತ್ತಮುತ್ತಲಿನ ಜನ. ದೂರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಲಾಗದವರಿಗೆಂದು ಊರ ಹತ್ತಿರವೇ, ಕಡಿಮೆ ಶುಲ್ಕದಲ್ಲಿ ಎರಡು ವರ್ಷದ ಓದು ಕೊಡುವ ಕಾಲೇಜು. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಶುರುವಾದ ಜೋಲಿಯೆಟ್ ಜೂನಿಯರ್ ಕಾಲೇಜು ಅಲ್ಲಿನ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದು. ಹೈಸ್ಕೂಲು ಮುಗಿಸಿದವರು, ಇಲ್ಲವೇ ಅದಕ್ಕೆ ಸಮನಾದ ಪರೀಕ್ಷೆ ಪಾಸು ಮಾಡಿದವರು ಸಾಮಾನ್ಯವಾಗಿ ಯಾರೂ ಸೇರಬಹುದು. ಇಂತಿಷ್ಟೇ ಅಂಕ ಬಂದಿರಬೇಕು, ಇಷ್ಟೇ ವಯಸ್ಸಾಗಿರಬೇಕು ಎಂಬ ತಡೆ ಇಲ್ಲ. ಸಂಜೆ ತರಗತಿ ಇರುತ್ತದೆ, ಮನೆಯಿಂದಲೇ ಕೇಳುವ ತರಗತಿಯೂ ಇರುತ್ತದೆ. ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಕೆಲಸ, ಮನೆ, ಮಕ್ಕಳ ನಡುವೆ ಒಂದು ಅವಧಿಗೆ ಒಂದೋ ಎರಡೋ ವಿಷಯ ತೆಗೆದುಕೊಂಡು ಓದುವವರೇ ಹೆಚ್ಚು. ಗಂಡನ ಕೆಲಸದ ವೀಸಾದ ಮೇಲೆ ಹೋದ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಮಾಡಲು ಅನುಮತಿ ಸುಲಭವಾಗಿ ಸಿಗುವುದಿಲ್ಲ, ಓದಲು ಅಡ್ಡಿಯಿಲ್ಲ. ಅಕ್ಕನ ಮಗಳು ಸೇರಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಟೆನೆಸ್ಸಿ ಎಂಬ ರಾಜ್ಯ 2018ರಿಂದ ಪದವಿ ಇಲ್ಲದ ದೊಡ್ಡ ವಯಸ್ಸಿನವರಿಗೂ ಈ ಕಾಲೇಜುಗಳಲ್ಲಿ ಬೋಧನಾ ಶುಲ್ಕ ಕಟ್ಟದೆ ಓದುವ ಅವಕಾಶ ಕೊಟ್ಟಿದೆ. ಶಾಲೆ ಬಿಟ್ಟು ಹತ್ತಿಪ್ಪತ್ತು ವರ್ಷವಾದವರು ಮತ್ತೆ ಪುಸ್ತಕ ಹಿಡಿಯುವುದು ಅಲ್ಲಿ ನಾಚಿಕೆಯ ಮಾತಲ್ಲ.

ಅಲ್ಲಿ ಎಲ್ಲವೂ ಚೆನ್ನ ಎಂದುಕೊಳ್ಳಬೇಡಿ. ಸೇರಿದವರಲ್ಲಿ ಬಹಳ ಮಂದಿ ಮುಗಿಸುವುದಿಲ್ಲ. ಮಗುವಿಗೆ ಜ್ವರ, ಕೆಲಸದ ಪಾಳಿ ಬದಲಾಯಿತು, ಹಣ ಮುಗಿಯಿತು: ಕಾರಣಗಳು ನಮ್ಮವೇ. ಇನ್ನೊಂದು ತೊಡಕೂ ಇದೆ. ಎರಡು ವರ್ಷ, ಸುಮಾರು 60 ಕ್ರೆಡಿಟ್ ಓದಿದರೆ ಅಸೋಸಿಯೇಟ್ ಪದವಿ ಸಿಗುತ್ತದೆ. ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಿ ಇನ್ನೆರಡು ವರ್ಷ ಓದಿದರೆ ಪೂರ್ತಿ ಪದವಿ. ಆದರೆ ನೇರವಾಗಿ ಕೆಲಸಕ್ಕೆ ಸೇರುವವರಿಗೆಂದು ಮಾಡಿದ ಕೋರ್ಸಿನ ಎಲ್ಲ ವಿಷಯಗಳನ್ನೂ ವಿಶ್ವವಿದ್ಯಾಲಯ ಒಪ್ಪಿಕೊಳ್ಳುವುದಿಲ್ಲ. ಮೊದಲೇ ವಿಚಾರಿಸದೆ ಸೇರಿದವರು ಕೆಲವು ವಿಷಯಗಳನ್ನು ಮತ್ತೆ ಓದಬೇಕಾಗುತ್ತದೆ. ಈ ಮಾತು ನೆನಪಿರಲಿ, ಕೊನೆಯಲ್ಲಿ ನಮಗೂ ಬೇಕಾಗುತ್ತದೆ.

ಏನು ಓದುತ್ತಾರೆ?

ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಎಂದರೆ ವ್ಯವಹಾರ ಆಡಳಿತ. ಎರಡು ವರ್ಷದಲ್ಲಿ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಕಾನೂನು, ಸಂಖ್ಯಾಶಾಸ್ತ್ರ, ಪತ್ರ ಬರೆಯುವುದು, ಸಭೆಯಲ್ಲಿ ಮಾತಾಡುವುದು, ಮಾರಾಟ, ಜನರನ್ನು ನಡೆಸಿಕೊಳ್ಳುವುದು ಇವೆಲ್ಲ ಬರುತ್ತವೆ. ಇವುಗಳಲ್ಲಿ ಲೆಕ್ಕಶಾಸ್ತ್ರಕ್ಕೆ ಎರಡು ಭಾಗ. ಒಂದು ಹೊರಗಿನವರಿಗೆ ತೋರಿಸುವ ಲೆಕ್ಕ: ಲಾಭ-ನಷ್ಟ ತಖ್ತೆ, ಆಸ್ತಿ-ಜವಾಬ್ದಾರಿ ತಖ್ತೆ. ಇನ್ನೊಂದು ಒಳಗಿನವರಿಗೆ ಬೇಕಾದ ಲೆಕ್ಕ: ಒಂದು ಸಾಮಾನು ತಯಾರಿಸಲು ನಿಜವಾಗಿ ಎಷ್ಟು ಬಿತ್ತು, ಇನ್ನೊಂದು ತಯಾರಿಸಿದರೆ ಲಾಭವೇ ನಷ್ಟವೇ ಎಂಬುದು.

ಅಲ್ಲಿನ ಪುಸ್ತಕದಲ್ಲಿ ಬೇಕರಿಯದೋ ಕುರ್ಚಿ ಮಾಡುವ ಕಾರ್ಖಾನೆಯದೋ ಉದಾಹರಣೆ ಇರುತ್ತದೆ. ನಾವು ಒಂದು ಹಸುವನ್ನು ತೆಗೆದುಕೊಳ್ಳೋಣ. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಮಾಡಿ ನೋಡಬೇಕು.

ಮಿಶ್ರತಳಿ ಹಸು, ಬೆಲೆ 70,000 ರೂಪಾಯಿ, ಸಾಲ ಮಾಡಿ ತಂದದ್ದು. ದಿನಕ್ಕೆ ಸರಾಸರಿ 10 ಲೀಟರಿನಂತೆ 300 ದಿನ ಹಾಲು, ಅಂದರೆ 3,000 ಲೀಟರ್. ಲೀಟರಿಗೆ 35 ರೂಪಾಯಿ ಸಿಕ್ಕರೆ ವರ್ಷಕ್ಕೆ 1,05,000. ಪಶು ಆಹಾರ ಹಾಲು ಕೊಡುವಾಗ ದಿನಕ್ಕೆ ಐದೂವರೆ ಕೆ.ಜಿ., ಬತ್ತಿದ 65 ದಿನ ಎರಡು ಕೆ.ಜಿ.; ಒಟ್ಟು 1,780 ಕೆ.ಜಿ., 25 ರೂಪಾಯಿಯಂತೆ 44,500. ಔಷಧಿ, ಕೃತಕ ಗರ್ಭಧಾರಣೆ, ಖನಿಜ ಮಿಶ್ರಣ, ವಿಮೆ ಎಲ್ಲ ಸೇರಿ 5,000. ಇವಿಷ್ಟನ್ನೂ ಕಳೆದರೆ 55,500 ಉಳಿಯಿತು.

ನಮ್ಮಲ್ಲಿ ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಬಟವಾಡೆಯಲ್ಲಿ ಹಿಂಡಿ ಬಾಬ್ತು ಮುರಿದುಕೊಂಡು ಕೈಗೆ ಬಂದದ್ದೇ ಲಾಭ. ಲೆಕ್ಕಶಾಸ್ತ್ರ ಇಲ್ಲಿಂದ ಮುಂದಕ್ಕೆ ಕೇಳುತ್ತದೆ.

ಮೇವು ಎಲ್ಲಿಂದ ಬಂತು? "ನಮ್ಮ ಹೊಲದ್ದೇ, ದುಡ್ಡು ಕೊಟ್ಟಿಲ್ಲ." ಆದರೆ ಆ ಹುಲ್ಲನ್ನು ಮಾರಿದ್ದರೆ ದುಡ್ಡು ಬರುತ್ತಿತ್ತು, ಆ ಜಾಗದಲ್ಲಿ ರಾಗಿಯೋ ಜೋಳವೋ ಬೆಳೆಯುತ್ತಿತ್ತು. ಬಿಟ್ಟುಕೊಟ್ಟ ಆದಾಯವೂ ಖರ್ಚೇ. ದಿನಕ್ಕೆ 20 ಕೆ.ಜಿ. ಹಸಿ ಮೇವು ಒಂದೂವರೆ ರೂಪಾಯಿಯಂತೆ, 5 ಕೆ.ಜಿ. ಒಣ ಮೇವು 5 ರೂಪಾಯಿಯಂತೆ ಹಿಡಿದರೆ ವರ್ಷಕ್ಕೆ 20,075. ಈಗ ಉಳಿದದ್ದು 35,425.

ಹಸುವಿಗೆ ವಯಸ್ಸಾಗುವುದಿಲ್ಲವೇ? ಐದು ಸೂಲು ಕಳೆದ ಮೇಲೆ ಅದರ ಬೆಲೆ 10,000ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. 60,000 ಐದು ವರ್ಷದಲ್ಲಿ ಕರಗಿತು, ವರ್ಷಕ್ಕೆ 12,000. ಇದಕ್ಕೆ ಸವಕಳಿ ಎನ್ನುತ್ತಾರೆ. ಯಾರೂ ಬಂದು ಈ ಹಣ ಕೇಳುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಐದು ವರ್ಷದ ನಂತರ ಹೊಸ ಹಸು ತರಲು ಕೈಯಲ್ಲಿ ದುಡ್ಡಿಲ್ಲದೆ ಮತ್ತೆ ಸಾಲಕ್ಕೆ ಓಡುವಾಗ ಗೊತ್ತಾಗುತ್ತದೆ. ಸಾಲದ ಬಡ್ಡಿ ವರ್ಷಕ್ಕೆ 5,000 ಎಂದು ಹಿಡಿದರೆ ಉಳಿದದ್ದು 18,425.

ಇನ್ನು ನಿಮ್ಮ ಕೆಲಸ. ಸಗಣಿ ಬಾಚುವುದು, ಮೈ ತೊಳೆಯುವುದು, ಹುಲ್ಲು ಕುಯ್ಯುವುದು, ಎರಡು ಹೊತ್ತು ಹಾಲು ಕರೆಯುವುದು, ಡೇರಿಗೆ ನಡೆದು ಹೋಗಿ ಬರುವುದು. ದಿನಕ್ಕೆ ಮೂರೇ ಗಂಟೆ ಎಂದರೂ ವರ್ಷಕ್ಕೆ 1,095 ಗಂಟೆ. 18,425ನ್ನು ಅದರಿಂದ ಭಾಗಿಸಿ: ಗಂಟೆಗೆ 17 ರೂಪಾಯಿಯೂ ಬೀಳಲಿಲ್ಲ.

ಈ ಅಂಕಿ ನೋಡಿ ಹಸು ಮಾರಿಬಿಡಿ ಎಂದು ನಾನು ಹೇಳುತ್ತಿಲ್ಲ. ಗೊಬ್ಬರ, ಕರು, ಮನೆಗೆ ಇಟ್ಟುಕೊಂಡ ಹಾಲು ಇದರಲ್ಲಿ ಸೇರಿಲ್ಲ. ಸರ್ಕಾರ ಕೊಡುವ ಪ್ರೋತ್ಸಾಹಧನವೂ ಸೇರಿಲ್ಲ. ಅದನ್ನು ಲೀಟರಿಗೆ 5 ರೂಪಾಯಿ ಎಂದು ಹಿಡಿದರೆ 3,000 ಲೀಟರಿಗೆ ಅದೇ 15,000. ಸೇರಿಸಿದರೆ ಗಂಟೆಗೆ ಸುಮಾರು 30 ರೂಪಾಯಿ ಆಗುತ್ತದೆ. ಅಂದರೆ ಒಂದು ಹಸುವಿನ ಮನೆಯಲ್ಲಿ ಆ ಐದು ರೂಪಾಯಿ ಎಷ್ಟು ದೊಡ್ಡದು ಎಂಬುದೂ ಲೆಕ್ಕ ಬರೆದಾಗಲೇ ಕಾಣುವುದು. ಆ ಹಣ ಖಾತೆಗೆ ತಡವಾಗಿ ಬಂದರೆ ಬಂದ ತಿಂಗಳಿನ ಆದಾಯ ಎಂದುಕೊಂಡು ಖರ್ಚು ಮಾಡಿಬಿಡುತ್ತೇವೆ. ಅದು ಹಾಲು ಹಾಕಿದ ತಿಂಗಳಿನ ಆದಾಯ. ಅಲ್ಲಿಯವರೆಗೆ ಅದು "ಬರಬೇಕಾದ ಬಾಕಿ" ಎಂದು ಪುಸ್ತಕದಲ್ಲಿ ಕೂತಿರಬೇಕು. ಲೆಕ್ಕಶಾಸ್ತ್ರದ ಮೊದಲ ಕೆಲವು ವಾರಗಳಲ್ಲೇ ಈ ಪಾಠ ಬರುತ್ತದೆ.

ಮುಂದಿನ ಪಾಠ ಇನ್ನೂ ಉಪಯೋಗದ್ದು. ಎರಡನೆಯ ಹಸು ತಂದರೆ ಏನಾಗುತ್ತದೆ? ಆದಾಯ ಎರಡರಷ್ಟು, ಮೇವು-ಹಿಂಡಿ ಎರಡರಷ್ಟು. ಆದರೆ ಡೇರಿಗೆ ಎರಡು ಸಲ ನಡೆಯುವುದಿಲ್ಲ, ಕೊಟ್ಟಿಗೆಗೆ ಎರಡು ಸಲ ನೀರು ಹೊತ್ತು ತರುವುದಿಲ್ಲ. ಮೂರು ಗಂಟೆ ಆರಾಗುವುದಿಲ್ಲ, ನಾಲ್ಕಾಗಬಹುದು. ಪ್ರೋತ್ಸಾಹಧನ ಸೇರಿ ಎರಡು ಹಸುವಿಂದ 66,850 ಉಳಿದರೆ, 1,460 ಗಂಟೆಗೆ ಹಂಚಿದಾಗ ಗಂಟೆಗೆ ಸುಮಾರು 46 ರೂಪಾಯಿ. ಎಷ್ಟು ಹಸು ಇದ್ದರೂ ಬದಲಾಗದ ಖರ್ಚು ಯಾವುದು, ಹಸುವಿನ ಜೊತೆ ಬೆಳೆಯುವ ಖರ್ಚು ಯಾವುದು ಎಂದು ಬೇರೆ ಮಾಡುವುದೇ ಇಲ್ಲಿನ ಕೆಲಸ. ಹುಲ್ಲು ಕೊಂಡು ತರಬೇಕಾದ ಮನೆಯಲ್ಲಿ, ಆಳು ಇಟ್ಟು ನಡೆಸುವ ಮನೆಯಲ್ಲಿ ಉತ್ತರ ಬೇರೆಯೇ ಬರುತ್ತದೆ. ಅದಕ್ಕೇ ಪಕ್ಕದ ಮನೆಯವರು ಮೂರನೆಯ ಹಸು ತಂದರು ಎಂದು ನೀವು ತರಬಾರದು.

ಬೆದೆ ತಪ್ಪಿದ ಲೆಕ್ಕವನ್ನೂ ಒಮ್ಮೆ ಹಾಕಿ. ಹಸು ಬೆದೆಗೆ ಬಂದದ್ದು ಗೊತ್ತಾಗದೆ ಹೋದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ಹಾಲಿಲ್ಲದ ದಿನಕ್ಕೆ ಮೇವು-ಹಿಂಡಿ ಮೇಲಿನ ದರದಲ್ಲಿ 105 ರೂಪಾಯಿ. 21 ದಿನ ಹೆಚ್ಚಾದರೆ 2,205. ಡಾಕ್ಟರಿಗೆ ಫೋನು ಮಾಡುವುದು ಒಂದು ದಿನ ಮರೆತದ್ದರ ಬೆಲೆ ಇದು.

ಸಂಘದ ಪುಸ್ತಕ

ನನ್ನ ಮಟ್ಟಿಗೆ ಈ ಓದಿನ ದೊಡ್ಡ ಉಪಯೋಗ ಕೊಟ್ಟಿಗೆಯಲ್ಲಲ್ಲ, ಸಂಘದಲ್ಲಿ. ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆ 1986-87ರಲ್ಲಿ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಸಂಘಗಳು ಹೆಚ್ಚಿದವು. ಅಧ್ಯಕ್ಷೆ, ಕಾರ್ಯದರ್ಶಿ, ಆಡಳಿತ ಮಂಡಳಿ ಎಲ್ಲ ಹೆಂಗಸರೇ. ಬಹಳ ಕಡೆ ಅವರೇ ಚೆನ್ನಾಗಿ ನಡೆಸುತ್ತಿದ್ದಾರೆ. ಆದರೆ ಪುಸ್ತಕ ಬರೆಯುವುದು ಮನೆಯ ಗಂಡಸರು, ಸಹಿ ಮಾತ್ರ ಅಧ್ಯಕ್ಷೆಯದು ಎಂಬ ಸಂಘಗಳನ್ನೂ ನಾನು ನೋಡಿದ್ದೇನೆ. "ನಂಗೆ ಲೆಕ್ಕ ಗೊತ್ತಾಗಲ್ಲ ಮೇಡಂ, ಅವರೇ ನೋಡ್ಕೋತಾರೆ" ಎಂದು ಹೇಳುವವರು ದಿನಾ ಹಾಲಿನ ಚೀಟಿಯಲ್ಲಿ ಜಿಡ್ಡು ಒಂದು ಪಾಯಿಂಟ್ ಕಡಿಮೆ ಬಂದರೆ ತಟ್ಟನೆ ಗುರುತಿಸುತ್ತಾರೆ! ಹಣ ಕಡಿಮೆ ಬಿದ್ದ ದಿನ ಲೆಕ್ಕ ಪರಿಶೋಧಕರು ಕೇಳುವುದು ಸಹಿ ಹಾಕಿದವರನ್ನೇ.

ವ್ಯವಹಾರ ಆಡಳಿತದಲ್ಲಿ ಇದಕ್ಕೊಂದು ಪಾಠವೇ ಇದೆ, ಒಳ ನಿಯಂತ್ರಣ ಎಂದು. ಅದರ ಸಾರ ಇಷ್ಟೇ: ಸಾಮಾನು ಅಳೆಯುವವರು, ಪುಸ್ತಕ ಬರೆಯುವವರು, ಹಣ ಕೊಡುವವರು ಮೂವರೂ ಒಬ್ಬರೇ ಆಗಬಾರದು. ಇದು ಯಾರ ಮೇಲಿನ ಅನುಮಾನವೂ ಅಲ್ಲ. ಪ್ರಾಮಾಣಿಕ ಕಾರ್ಯದರ್ಶಿಗೂ ಇದೇ ರಕ್ಷಣೆ. ನಾಳೆ ಯಾರಾದರೂ ಬೆರಳು ತೋರಿಸಿದರೆ ಇನ್ನೊಬ್ಬರು ಬರೆದ ಪುಸ್ತಕ ಅವರ ಪರ ನಿಲ್ಲುತ್ತದೆ.

ಪ್ರತಿ ವರ್ಷ ವಾರ್ಷಿಕ ಮಹಾಸಭೆಯಲ್ಲಿ ಓದುವ ತಖ್ತೆಯನ್ನು ಗಮನವಿಟ್ಟು ಕೇಳಿ. ವ್ಯಾಪಾರ ತಖ್ತೆಯಲ್ಲಿ ಒಂದು ಕಡೆ ನಮ್ಮಿಂದ ಕೊಂಡ ಹಾಲಿನ ಬಾಬ್ತು, ಇನ್ನೊಂದು ಕಡೆ ಒಕ್ಕೂಟಕ್ಕೆ ಕಳಿಸಿದ ಹಾಲು ಮತ್ತು ಸ್ಥಳೀಯ ಮಾರಾಟ. ಎರಡರ ಅಂತರದಲ್ಲಿ ಸಂಬಳ, ಕರೆಂಟು, ಸಾಮಗ್ರಿ ಹೋಗಿ ಉಳಿದದ್ದು ನಿವ್ವಳ ಲಾಭ. ಕೊಂಡ ಲೀಟರಿಗೂ ಮಾರಿದ ಲೀಟರಿಗೂ ವ್ಯತ್ಯಾಸ ಎಷ್ಟು, ಹೋದ ವರ್ಷ ಎಷ್ಟಿತ್ತು ಎಂದು ಕೇಳಿ. ಆಸ್ತಿ-ಜವಾಬ್ದಾರಿ ತಖ್ತೆಯಲ್ಲಿ "ಸದಸ್ಯರಿಂದ ಬರಬೇಕಾದ ಪಶು ಆಹಾರ ಬಾಕಿ" ಎಂಬ ಸಾಲು ಇರುತ್ತದೆ. ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಲಾಭ ಕಾಗದದ ಮೇಲಿದೆ, ಬ್ಯಾಂಕಿನಲ್ಲಿಲ್ಲ ಎಂದರ್ಥ. ಬೋನಸ್ ಎಷ್ಟು ಎಂದಷ್ಟೇ ಕೇಳಿ ಎದ್ದು ಬಂದರೆ ಇದು ತಿಳಿಯುವುದಿಲ್ಲ.

ಅದೇ ಲಾಭ ಹಂಚಿಕೆಯ ಪಟ್ಟಿಯಲ್ಲಿ ಆಪದ್ಧನ ನಿಧಿಯ ಕೆಳಗೆ "ಸಹಕಾರ ಶಿಕ್ಷಣ ನಿಧಿ" ಎಂಬುದನ್ನೂ ನೋಡಿ. ಲಾಭದಲ್ಲಿ ಒಂದು ಸಣ್ಣ ಪಾಲು ಸಹಕಾರಿಗಳ ಶಿಕ್ಷಣಕ್ಕೆಂದು ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳಕ್ಕೆ ಹೋಗುತ್ತದೆ. ಅಂದರೆ ಓದಿನ ಹಣವನ್ನು ನೀವು ಆಗಲೇ ಕಟ್ಟುತ್ತಿದ್ದೀರಿ. ನಮ್ಮ ಸಂಘದಿಂದ ಈ ವರ್ಷ ತರಬೇತಿಗೆ ಯಾರು ಹೋದರು ಎಂದು ಕೇಳಲು ಸದಸ್ಯೆಯರಿಗೆ ಪೂರ್ತಿ ಹಕ್ಕಿದೆ.

ನಾವು ಎಲ್ಲಿ ಓದಬಹುದು?

ಕಮ್ಯುನಿಟಿ ಕಾಲೇಜು ನಮ್ಮ ದೇಶಕ್ಕೂ ಬಂದಿದೆ. 1995ರಲ್ಲಿ ಪುದುಚೇರಿಯಲ್ಲಿ, ಮರುವರ್ಷ ಚೆನ್ನೈನಲ್ಲಿ ಶುರುವಾಯಿತು. 2013-14ರಿಂದ ಯುಜಿಸಿ ಈಗಿರುವ ಕಾಲೇಜುಗಳಲ್ಲೇ ಕೌಶಲದ ಡಿಪ್ಲೊಮಾಗಳನ್ನು ನಡೆಸಲು ಇದೇ ಹೆಸರಿನ ಯೋಜನೆ ತಂದಿತು. ಆದರೆ ಅಮೆರಿಕದ ಹಾಗೆ ಊರೂರಿಗೆ ಅದು ಬೆಳೆದಿಲ್ಲ. ಆ ಹೆಸರಿನ ಬೋರ್ಡು ಹುಡುಕುತ್ತಾ ಕೂರುವ ಬದಲು ಅದೇ ಕೆಲಸ ಮಾಡುವ ಬೇರೆ ದಾರಿಗಳನ್ನು ನೋಡುವುದು ಒಳ್ಳೆಯದು.

ಎಸ್ಸೆಸ್ಸೆಲ್ಸಿ ಪಾಸಾಗಿ ನಿಲ್ಲಿಸಿದವರಿಗೆ ನಾನು ಮೊದಲು ಹೇಳುವುದು ಸಹಕಾರ ಮಹಾಮಂಡಳದ ತರಬೇತಿ ಸಂಸ್ಥೆಗಳಲ್ಲಿ ನಡೆಯುವ ಸಹಕಾರ ನಿರ್ವಹಣೆಯ ಡಿಪ್ಲೊಮಾ, ಎಲ್ಲರೂ ಡಿಸಿಎಂ ಎನ್ನುವ ಕೋರ್ಸು. ಆರು ತಿಂಗಳು. ಸಹಕಾರ ಕಾಯ್ದೆ, ಪುಸ್ತಕ ಬರೆಯುವ ಕ್ರಮ, ನಡಾವಳಿ, ಬ್ಯಾಂಕಿಂಗ್ ಎಲ್ಲವೂ ನಮ್ಮ ಸಂಘದ ಕೆಲಸಕ್ಕೇ ಹೊಂದುತ್ತವೆ. ಕಾರ್ಯದರ್ಶಿಯಾಗುವ ಮನಸ್ಸಿರುವವರಿಗೆ, ಡೇರಿಯಲ್ಲಿ ಪರೀಕ್ಷಕಿಯಾಗಿ ಕೆಲಸ ಮಾಡುತ್ತಿರುವವರಿಗೆ ಇದಕ್ಕಿಂತ ಹತ್ತಿರದ ಓದು ಇನ್ನೊಂದಿಲ್ಲ.

ಪಿಯುಸಿ ಮುಗಿಸಿದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. 1996ರಲ್ಲಿ ಶುರುವಾದದ್ದು, ಬೇರೆ ಜಿಲ್ಲೆಗಳಲ್ಲೂ ಪ್ರಾದೇಶಿಕ ಕೇಂದ್ರಗಳಿವೆ. ಬಿಬಿಎ ಎಂದರೆ ಇದೇ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಪದವಿ. ಇಂಗ್ಲಿಷ್ ಪುಸ್ತಕಕ್ಕೆ ಹಿಂಜರಿಯುವವರು ಬಿ.ಕಾಂ. ನೋಡಿ, ಕನ್ನಡದಲ್ಲೂ ಓದಬಹುದು. ಲೆಕ್ಕಶಾಸ್ತ್ರ ಅದರಲ್ಲೇ ಹೆಚ್ಚು. ಪುಸ್ತಕ ಮನೆಗೆ ಬರುತ್ತದೆ, ಪರೀಕ್ಷೆಗೆ ಕೇಂದ್ರಕ್ಕೆ ಹೋಗಬೇಕು. ಹತ್ತನೆಯ ತರಗತಿ ಪಾಸಾಗದವರು ಮೊದಲು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಬಹುದು, ವಯಸ್ಸಿನ ಮೇಲ್ಮಿತಿ ಇಲ್ಲ.

ಮೊದಲು ಅಮೆರಿಕದ ವಿಷಯದಲ್ಲಿ ಹೇಳಿದ ಎಚ್ಚರಿಕೆ ಇಲ್ಲಿ ಬರುತ್ತದೆ. ಪಟ್ಟಣದ ಬಸ್ ನಿಲ್ದಾಣದ ಗೋಡೆಗಳ ಮೇಲೆ "ಒಂದೇ ವರ್ಷದಲ್ಲಿ ಡಿಗ್ರಿ" ಎಂಬ ಚೀಟಿ ಕಾಣುತ್ತೀರಲ್ಲ, ಆ ಹಾದಿ ಹಿಡಿಯಬೇಡಿ. ಯಾವುದೇ ದೂರಶಿಕ್ಷಣ ಕೋರ್ಸಿಗೆ ಹಣ ಕಟ್ಟುವ ಮೊದಲು ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಮಗನಿಂದಲೋ ಮಗಳಿಂದಲೋ ನೋಡಿಸಿ. ಮಧ್ಯವರ್ತಿಗೆ ನಗದು ಕೊಡಬೇಡಿ. ಶುಲ್ಕ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು, ರಸೀದಿ ನಿಮ್ಮ ಹೆಸರಿನಲ್ಲೇ ಇರಬೇಕು.

ಎಷ್ಟು ಹೊತ್ತು ಬೇಕು ಎಂದು ಕೇಳುತ್ತೀರಿ. ಬೆಳಗಿನ ಹಾಲು ಹಾಕಿ ಬಂದು ಮಕ್ಕಳು ಶಾಲೆಗೆ ಹೋದ ಮೇಲೆ ಒಂದು ಗಂಟೆ ಸಿಗುತ್ತದೆ ಎಂದು ಕೆಲವರು ಹೇಳಿದ್ದಾರೆ. ಸುಗ್ಗಿಯಲ್ಲಿ ಅದೂ ಸಿಗುವುದಿಲ್ಲ. ಹಾಗಾಗಿ ಕರು ಹಾಕುವ ತಿಂಗಳು, ಕೊಯ್ಲಿನ ತಿಂಗಳು ಯಾವುದು ಎಂದು ನೋಡಿ, ಪರೀಕ್ಷೆ ಅದೇ ಸಮಯಕ್ಕೆ ಬೀಳುತ್ತದೆಯೇ ಎಂದು ಸೇರುವ ಮುಂಚೆಯೇ ವಿಚಾರಿಸಿ. ಮನೆಯಲ್ಲಿ ಆ ದಿನಗಳಲ್ಲಿ ಹಾಲು ಕರೆಯುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಓದು ಅರ್ಧಕ್ಕೆ ನಿಲ್ಲುವುದು ಪಾಠ ಕಷ್ಟವಾಗಿ ಅಲ್ಲ, ಬಹಳ ಸಲ ಇದೇ ಕಾರಣಕ್ಕೆ.

ಕೊನೆಗೆ ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳೆದಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಎರಡನೆಯ ಪ್ರತಿಗೆ ಅರ್ಜಿ ಹಾಕಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಇನಿಷಿಯಲ್: ನಮ್ಮ ಹೆಣ್ಣುಮಕ್ಕಳಲ್ಲಿ ಹತ್ತರಲ್ಲಿ ಎಂಟು ಜನರ ಪಾಡು ಇದು ಎಂದರೆ ಅತಿಶಯವಲ್ಲ. ಅರ್ಜಿ ಕರೆದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿರುತ್ತದೆ. ಮೂರನ್ನೂ ಈಗಲೇ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಮದುವೆ ಪ್ರಮಾಣಪತ್ರ ಅಥವಾ ನೋಟರಿಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಗೊತ್ತಾಗದಿದ್ದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿ ಸಂಘಕ್ಕೆ ಬಂದ ದಿನ ಆ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ.